ಒಂದು ಭಾಷೆಯ ಧ್ವನಿಮಾಗಳನ್ನು ಕಂಡುಹಿಡಿಯುವುದು ಹೇಗೆ? ಸಮಗ್ರ ಮಾರ್ಗದರ್ಶಿ

ತಮಿಳು ಲಿಪಿಯಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಅಷ್ಟು ಹಳೆಯ ಭಾಷೆಗೆ ಅಕ್ಷರಗಳದ್ದೇ ಬಡತನ ಎಂದು ನಮ್ಮಲ್ಲಿ ಎಷ್ಟೋ ಜನ ಹೇಳುತ್ತಾರೆ. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಬೇಸರವಾಗುತ್ತದೆ. ತಮಿಳರು ಗಕಾರವನ್ನು ಉಚ್ಚರಿಸದೆ ಇರುವುದಿಲ್ಲ. ‘ತಂಗಂ’ ಎನ್ನುವಾಗ ಅವರ ಬಾಯಿಂದ ಬರುವುದು ಸ್ಪಷ್ಟವಾದ ಗಕಾರವೇ. ಆದರೆ ಅಚ್ಚ ತಮಿಳು ಪದಗಳಲ್ಲಿ ಎಲ್ಲಿ ಕ ಬರಬೇಕು, ಎಲ್ಲಿ ಗ ಬರಬೇಕು ಎಂಬುದನ್ನು ಪದದೊಳಗಿನ ಸ್ಥಾನವೇ ತೀರ್ಮಾನಿಸುತ್ತದೆ. ಓದುವವರಿಗೆ ಸ್ಥಾನ ಕಣ್ಣಿಗೆ ಕಾಣುತ್ತಿರುವಾಗ ಎರಡನೆಯ ಅಕ್ಷರ ಏಕೆ ಬೇಕು? ಕನ್ನಡದಲ್ಲಿ ಹಾಗಲ್ಲ. ‘ಕುರಿ’ಗೂ ‘ಗುರಿ’ಗೂ ಇರುವ ವ್ಯತ್ಯಾಸ ಕ-ಗಗಳದ್ದು ಮಾತ್ರ. ಇಲ್ಲಿ ಎರಡು ಅಕ್ಷರಗಳಿಲ್ಲದೆ ನಡೆಯುವುದಿಲ್ಲ.

ಮನುಷ್ಯರ ಬಾಯಿ ಎಲ್ಲ ಕಡೆಯೂ ಒಂದೇ. ಆದರೆ ಅದು ಹೊರಡಿಸಬಲ್ಲ ಧ್ವನಿಗಳಲ್ಲಿ ಯಾವ ವ್ಯತ್ಯಾಸವನ್ನು ಅರ್ಥಕ್ಕಾಗಿ ಬಳಸಬೇಕು, ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬುದನ್ನು ಪ್ರತಿ ಭಾಷೆಯೂ ತನ್ನದೇ ರೀತಿಯಲ್ಲಿ ನಿರ್ಧರಿಸಿಕೊಂಡಿದೆ. ಅರ್ಥವನ್ನು ಬೇರ್ಪಡಿಸುವ ಧ್ವನಿ ಘಟಕವನ್ನು ಭಾಷಾವಿಜ್ಞಾನಿಗಳು ಧ್ವನಿಮಾ ಎನ್ನುತ್ತಾರೆ. ಒಂದೇ ಧ್ವನಿಮಾ ಬೇರೆ ಬೇರೆ ಸ್ಥಾನಗಳಲ್ಲಿ ತಾಳುವ ರೂಪಗಳು ಅದರ ಉಪಧ್ವನಿಗಳು. ತಮಿಳಿನ ಕ ಮತ್ತು ಗ ಒಂದೇ ಧ್ವನಿಮಾದ ಉಪಧ್ವನಿಗಳು, ಕನ್ನಡದಲ್ಲಿ ಅವು ಎರಡು ಧ್ವನಿಮಾಗಳು. ಪರಿಚಯವಿಲ್ಲದ ಭಾಷೆಯೊಂದರಲ್ಲಿ, ಅಥವಾ ಮನೆಯಲ್ಲಿ ಆಡುತ್ತಿದ್ದರೂ ಯಾರೂ ಬರೆದಿಡದ ನುಡಿಯೊಂದರಲ್ಲಿ, ಈ ವ್ಯವಸ್ಥೆಯನ್ನು ನೀವೇ ಹುಡುಕಿ ತೆಗೆಯುವ ಕ್ರಮ ಇಲ್ಲಿದೆ. ಭಾಷಾವಿಜ್ಞಾನದ ಪದವಿ ಬೇಕಿಲ್ಲ. ತಾಳ್ಮೆ ಬೇಕು, ಒಂದು ನೋಟುಬುಕ್ಕು ಬೇಕು, ಮಾತನಾಡಲು ಒಪ್ಪುವ ಒಬ್ಬರಾದರೂ ಬೇಕು.

1. ಮೊದಲು ನಿಮ್ಮ ಕಿವಿಯನ್ನೇ ಅನುಮಾನಿಸಿ

ನಮ್ಮ ಕಿವಿ ಧ್ವನಿಯನ್ನು ಬಂದ ಹಾಗೆಯೇ ಕೇಳುವುದಿಲ್ಲ, ತಾಯ್ನುಡಿಯ ಮೂಲಕ ಕೇಳುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಮನೋವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ಇಂಗ್ಲಿಷ್ ಮನೆಗಳಲ್ಲಿ ಬೆಳೆಯುತ್ತಿದ್ದ ಆರರಿಂದ ಎಂಟು ತಿಂಗಳ ಮಕ್ಕಳು ಹಿಂದಿಯ ದಂತ್ಯ ಮತ್ತು ಮೂರ್ಧನ್ಯ ಧ್ವನಿಗಳನ್ನು, ಎಂದರೆ ನಮ್ಮ ತ ಮತ್ತು ಟಗಳಂಥವನ್ನು, ಬೇರೆ ಬೇರೆಯಾಗಿ ಗುರುತಿಸುತ್ತಿದ್ದರು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಸಾಮರ್ಥ್ಯ ಬಹುಮಟ್ಟಿಗೆ ಕುಗ್ಗಿತ್ತು. ಮಗು ತನ್ನ ಭಾಷೆಗೆ ಬೇಡದ ವ್ಯತ್ಯಾಸವನ್ನು ಬದಿಗಿಡಲು ಕಲಿಯುತ್ತದೆ. ಮಾತು ಕಲಿಯುವುದರ ಒಂದು ಭಾಗವೇ ಅದು.

ನಮಗೂ ಹೀಗೆಯೇ ಆಗಿದೆ. ಇಂಗ್ಲಿಷಿನ ‘ಟೇಬಲ್’ ಪದದ ಮೊದಲ ವ್ಯಂಜನ ನಮ್ಮ ತ ಅಲ್ಲ, ಟ ಕೂಡ ಅಲ್ಲ. ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂದಿರುವ ಉಬ್ಬಿಗೆ ತಾಗಿ ಹುಟ್ಟುವ ಧ್ವನಿ ಅದು. ಕನ್ನಡದ ಕಿವಿ ಅದನ್ನು ನೇರವಾಗಿ ಟಕಾರದ ಮನೆಗೆ ಸೇರಿಸಿಬಿಡುತ್ತದೆ. ದ್ರಾಕ್ಷಾರಸಕ್ಕೆ ಇಂಗ್ಲಿಷರು ಹೇಳುವ ಪದಕ್ಕೂ ಬಳ್ಳಿಗೆ ಹೇಳುವ ಪದಕ್ಕೂ ಮೊದಲ ವ್ಯಂಜನ ಬೇರೆ. ಒಂದರಲ್ಲಿ ಎರಡು ತುಟಿಗಳು ದುಂಡಾಗುತ್ತವೆ, ಇನ್ನೊಂದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಾಗುತ್ತದೆ. ನಮಗೆ ಎರಡೂ ‘ವೈನ್’.

ಅಕ್ಷರಮಾಲೆಯೂ ದಾರಿ ತಪ್ಪಿಸುತ್ತದೆ. ಶ ಮತ್ತು ಷ ಎಂದು ಎರಡು ಬರೆಯುತ್ತೇವೆ, ಬಹಳಷ್ಟು ಜನರ ಉಚ್ಚಾರಣೆಯಲ್ಲಿ ಎರಡೂ ಒಂದೇ. ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುತ್ತೇವೆ, ‘ಒಂದು’ ಎಂದು ಬರೆದು ‘ವೊಂದು’ ಎನ್ನುತ್ತೇವೆ, ಹಾಗೆ ಅನ್ನುತ್ತಿದ್ದೇವೆ ಎಂಬುದು ನಮಗೆ ತಿಳಿಯುವುದೂ ಇಲ್ಲ. ಆದ್ದರಿಂದ ಕೆಲಸಕ್ಕೆ ಕೂರುವ ಮೊದಲು ಕನ್ನಡದ ಮೇಲೆಯೇ ಒಂದು ಪ್ರಯೋಗ ಮಾಡಿ. ‘ಅಂಕ, ಅಂಚೆ, ಅಂಟು, ಅಂತೆ, ಅಂಬು’ ಈ ಐದು ಪದಗಳನ್ನು ನಿಧಾನವಾಗಿ ಹೇಳುತ್ತ, ಸೊನ್ನೆಯ ಜಾಗದಲ್ಲಿ ನಾಲಿಗೆ ಎಲ್ಲಿಗೆ ಹೋಗುತ್ತದೆ, ತುಟಿಗಳು ಏನು ಮಾಡುತ್ತವೆ ಎಂದು ಗಮನಿಸಿ. ಐದು ಕಡೆ ಐದು ಬೇರೆ ಅನುನಾಸಿಕಗಳು ಹುಟ್ಟುತ್ತವೆ. ಮುಂದೆ ಬರುವ ವ್ಯಂಜನವೇ ಅನುನಾಸಿಕದ ಸ್ಥಾನವನ್ನು ಹೇಳಿಬಿಡುತ್ತದೆ ಎಂಬುದು ಗೊತ್ತಿದ್ದುದರಿಂದಲೇ ಒಂದು ಸೊನ್ನೆಯಲ್ಲಿ ಕೆಲಸ ಮುಗಿಯುತ್ತದೆ. ತಮಿಳರು ಕ ಮತ್ತು ಗಗಳಿಗೆ ಒಂದೇ ಅಕ್ಷರ ಬರೆಯುವುದರ ಹಿಂದೆ ಇರುವುದೂ ಇದೇ ತರ್ಕ.

2. ಪದಗಳನ್ನು ಕಲೆಹಾಕುವುದು

ಇನ್ನೂರು ಮುನ್ನೂರು ಪದಗಳಿಂದ ಶುರುಮಾಡಬಹುದು. ದೇಹದ ಅಂಗಗಳು, ನೆಂಟಸ್ತಿಕೆಯ ಹೆಸರುಗಳು, ಪ್ರಾಣಿ, ಗಿಡ, ಅಡುಗೆ, ಸಂಖ್ಯೆ, ದಿನಬಳಕೆಯ ಕ್ರಿಯಾಪದಗಳು. ಇವು ಎಲ್ಲ ಭಾಷೆಯಲ್ಲೂ ಇರುತ್ತವೆ, ಎರವಲು ಪದಗಳೂ ಇವುಗಳಲ್ಲಿ ಕಡಿಮೆ. ಎರವಲು ಎಂದು ಅನುಮಾನ ಬಂದ ಪದಗಳನ್ನು ಬಿಡಬೇಡಿ, ಪಕ್ಕದಲ್ಲಿ ಗುರುತು ಹಾಕಿಡಿ. ತಮಿಳಿನಲ್ಲಿ ‘ಬಸ್’ನಂಥ ಎರವಲು ಪದಗಳು ಬಂದ ಮೇಲೆ ಪದದ ಆದಿಯಲ್ಲೂ ಬಕಾರ ಕೇಳಿಸುತ್ತದೆ. ಅದನ್ನು ಅಚ್ಚ ತಮಿಳು ಪದಗಳ ಜೊತೆ ಬೆರೆಸಿದರೆ ಚಿತ್ರ ಕಲಸಿಹೋಗುತ್ತದೆ. ಕನ್ನಡದ ಮಹಾಪ್ರಾಣಗಳೂ ಇಂಥವೇ, ಅವು ಬರುವುದು ಹೆಚ್ಚಾಗಿ ಸಂಸ್ಕೃತದಿಂದ ಮತ್ತು ಉತ್ತರದ ಭಾಷೆಗಳಿಂದ ಬಂದ ಪದಗಳಲ್ಲಿ.

ಪ್ರತಿ ಪದವನ್ನೂ ಮೂರು ಸಲ ಹೇಳಿಸಿ. ಪಟ್ಟಿ ಓದುವಾಗ ಜನರ ರಾಗ ಬದಲಾಗುತ್ತದೆ, ಕೊನೆಯ ಪದ ಇಳಿದುಹೋಗುತ್ತದೆ. ಅದಕ್ಕೆ ‘ಅವಳು ... ಎಂದಳು’ ಎಂಬಂಥ ಒಂದು ಚೌಕಟ್ಟಿನ ವಾಕ್ಯವನ್ನು ಆ ಭಾಷೆಯಲ್ಲೇ ಮಾಡಿಕೊಂಡು, ಅದರೊಳಗೆ ಪದವನ್ನಿಟ್ಟು ಹೇಳಿಸುವುದು ಒಳ್ಳೆಯದು. ಧ್ವನಿಮುದ್ರಣಕ್ಕೆ ಮೊಬೈಲ್ ಸಾಕು, ಆದರೆ ವೇವ್ ಕಡತವಾಗಿ, ಸೆಕೆಂಡಿಗೆ 44,100 ಮಾದರಿಗಳ ದರದಲ್ಲಿ ಉಳಿಸುವ ಆ್ಯಪ್ ಬಳಸಿ. ವಾಟ್ಸಾಪ್ ಧ್ವನಿಸಂದೇಶ ಬೇಡ, ಅದು ಕಡತವನ್ನು ಚಿಕ್ಕದಾಗಿಸಲು ಧ್ವನಿಯ ವಿವರಗಳನ್ನು ಕತ್ತರಿಸುತ್ತದೆ. ಫ್ಯಾನ್ ಆರಿಸಿ. ಏಕೆ ಮುದ್ರಿಸುತ್ತಿದ್ದೀರಿ, ಯಾರು ಕೇಳುತ್ತಾರೆ ಎಂಬುದನ್ನು ಹೇಳಿ ಒಪ್ಪಿಗೆ ಪಡೆಯಿರಿ. ಮಾತು ಅವರದು, ನೀವು ಅದರ ಅತಿಥಿ.

3. ಬಾಯಿಯೊಳಗೆ ಏನಾಗುತ್ತಿದೆ ಎಂದು ಗುರುತಿಸುವುದು

ಇಲ್ಲಿ ಕನ್ನಡಿಗರಿಗೆ ಹುಟ್ಟಿನಿಂದಲೇ ಒಂದು ಸೌಲಭ್ಯವಿದೆ. ಕ ಖ ಗ ಘ ಙ ಎಂದು ಬಾಯಿಪಾಠ ಮಾಡಿದ ವರ್ಗೀಯ ವ್ಯಂಜನಗಳು ಐದು ಸಾಲು, ಐದು ಕಂಬದ ಒಂದು ಧ್ವನಿಕೋಷ್ಟಕ. ಸಾಲುಗಳು ಗಂಟಲಿನಿಂದ ತುಟಿಯವರೆಗೆ ಉಚ್ಚಾರಣೆಯ ಸ್ಥಾನದ ಕ್ರಮದಲ್ಲಿವೆ, ಕಂಬಗಳು ಅಘೋಷ, ಘೋಷ, ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕ ಎಂಬ ಭೇದಗಳನ್ನು ಹೇಳುತ್ತವೆ. ಪ್ರಾಚೀನ ಭಾರತದ ಶಿಕ್ಷಾಶಾಸ್ತ್ರಜ್ಞರು ಬಿಟ್ಟುಹೋದ ಆಸ್ತಿಯಿದು. ಇಂಗ್ಲಿಷ್ ವರ್ಣಮಾಲೆಯ ಕ್ರಮದಲ್ಲಿ ಇಂಥ ಯಾವ ತರ್ಕವೂ ಇಲ್ಲ. ನೋಟುಬುಕ್ಕಿನಲ್ಲಿ ಈ ಕೋಷ್ಟಕವನ್ನೇ ಬರೆದುಕೊಂಡು, ಬೇಕಾದಲ್ಲಿ ಹೊಸ ಸಾಲುಗಳನ್ನು ಸೇರಿಸಿ: ದಂತ್ಯ ಮತ್ತು ಮೂರ್ಧನ್ಯಗಳ ನಡುವೆ ವರ್ತ್ಸ್ಯಕ್ಕೆ (ಹಲ್ಲುಗಳ ಹಿಂದಿನ ಉಬ್ಬಿಗೆ ನಾಲಿಗೆ ತಾಗಿ ಹುಟ್ಟುವ ಧ್ವನಿಗಳಿಗೆ) ಒಂದು, ಕಂಠ್ಯಕ್ಕಿಂತ ಹಿಂದೆ ಕಿರುನಾಲಿಗೆಯ ಧ್ವನಿಗಳಿಗೆ ಒಂದು. ಅರಬ್ಬಿಯಲ್ಲಿ ‘ನಾಯಿ’ ಮತ್ತು ‘ಹೃದಯ’ ಎರಡನ್ನೂ ಕನ್ನಡದಲ್ಲಿ ಬರೆದರೆ ‘ಕಲ್ಬ್’ ಎಂದೇ ಬರೆಯಬೇಕಾಗುತ್ತದೆ. ಶಿಷ್ಟ ಅರಬ್ಬಿಯಲ್ಲಿ ಮೊದಲನೆಯದು ನಮ್ಮ ಕಕಾರ, ಎರಡನೆಯದು ಕಿರುನಾಲಿಗೆಯ ಬಳಿ ಹುಟ್ಟುವ ಬೇರೆಯೇ ವ್ಯಂಜನ.

ಪರೀಕ್ಷೆಗಳು ಸರಳ. ಗಂಟಲಿನ ಮೇಲೆ ಬೆರಳಿಟ್ಟರೆ ಕಂಪನ ಸಿಗುತ್ತದೆ, ಅದು ಘೋಷ. ಬಾಯಿಯ ಮುಂದೆ ಅಂಗೈ ಹಿಡಿದರೆ ಮಹಾಪ್ರಾಣದ ಉಸಿರು ತಾಗುತ್ತದೆ. ಮೂಗು ಹಿಡಿದಾಗ ಧ್ವನಿ ಕಟ್ಟಿಹೋದರೆ ಅನುನಾಸಿಕ. ತುಟಿಗಳಿಗೆ ಕನ್ನಡಿ ಹಿಡಿಯಿರಿ. ಇಷ್ಟರಿಂದ ತಿಳಿಯದ ಕಡೆ ‘ಪ್ರಾಟ್’ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಯ ಚಿತ್ರ ತೆಗೆದು ನೋಡಬಹುದು. ಬರೆದುಕೊಳ್ಳಲು ಅಂತರರಾಷ್ಟ್ರೀಯ ಧ್ವನಿಲಿಪಿ ಕಲಿತರೆ ಉತ್ತಮ. ಅದನ್ನು ರೂಪಿಸಿ ಪೋಷಿಸುತ್ತ ಬಂದ ಸಂಘ ಪ್ಯಾರಿಸ್‌ನಲ್ಲಿ 1886ರಲ್ಲಿ ಹುಟ್ಟಿತು. ಕಲಿಯುವವರೆಗೆ ಕನ್ನಡ ಲಿಪಿಗೆ ನಿಮ್ಮದೇ ಗುರುತುಗಳನ್ನು ಸೇರಿಸಿ ಬರೆಯಬಹುದು. ಒಂದು ಗುರುತಿಗೆ ಒಂದೇ ಧ್ವನಿ ಎಂಬ ನಿಯಮ ಮಾತ್ರ ಮುರಿಯಬೇಡಿ. ಈ ಹಂತದಲ್ಲಿ ಕೇಳಿದ ಎಲ್ಲ ಸೂಕ್ಷ್ಮಗಳನ್ನೂ ಬರೆಯಿರಿ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ತೀರ್ಮಾನಿಸುವ ಕಾಲ ಇನ್ನೂ ಬಂದಿಲ್ಲ.

4. ಅರ್ಥ ಬದಲಾಯಿಸುವ ಜೋಡಿಗಳನ್ನು ಹುಡುಕುವುದು

ಎರಡು ಪದಗಳು ಒಂದೇ ಒಂದು ಧ್ವನಿಯಲ್ಲಿ ಬೇರೆಯಾಗಿ, ಅರ್ಥವೂ ಬೇರೆಯಾದರೆ ಅದು ಕನಿಷ್ಠ ಜೋಡಿ. ‘ಹುಲಿ, ಹುಳಿ’ ಸಿಕ್ಕಿತೆಂದರೆ ಲ ಮತ್ತು ಳ ಬೇರೆ ಧ್ವನಿಮಾಗಳು ಎಂದು ಬರೆದುಕೊಳ್ಳಬಹುದು. ‘ಅನ್ನ, ಅಣ್ಣ’ ಎಂಬ ಜೋಡಿ ನ ಮತ್ತು ಣಗಳನ್ನು ಬೇರ್ಪಡಿಸುತ್ತದೆ, ‘ತಡ, ದಡ’ ತ ಮತ್ತು ದಗಳನ್ನು, ‘ಪಟ್ಟೆ, ಬಟ್ಟೆ’ ಪ ಮತ್ತು ಬಗಳನ್ನು. ಹಿಂದಿಗೆ ಹೋದರೆ ‘ಕಾನಾ’ ಎಂದರೆ ಒಕ್ಕಣ್ಣ, ‘ಖಾನಾ’ ಎಂದರೆ ಊಟ, ‘ಗಾನಾ’ ಎಂದರೆ ಹಾಡು. ಅಲ್ಲಿ ಮಹಾಪ್ರಾಣ ಅಲಂಕಾರವಲ್ಲ, ಪ್ರತಿದಿನದ ಮಾತಿನ ಆಧಾರ.

ಎಲ್ಲ ಭಾಷೆಗಳೂ ಉಸಿರು ಮತ್ತು ಕಂಪನಗಳನ್ನು ನಮ್ಮ ಹಾಗೆ ಹಂಚಿಕೊಂಡಿಲ್ಲ. ಕೊರಿಯನ್ ಭಾಷೆಯಲ್ಲಿ ಚಂದ್ರ, ಮಗಳು, ಮುಖವಾಡ ಎಂಬ ಅರ್ಥದ ಮೂರು ಪದಗಳಿವೆ. ಮೂರೂ ಸುಮಾರಾಗಿ ‘ತಲ್’ ಎಂದೇ ನಮಗೆ ಕೇಳುತ್ತವೆ. ಒಂದರಲ್ಲಿ ತಕಾರ ಸಡಿಲ, ಇನ್ನೊಂದರಲ್ಲಿ ಗಂಟಲನ್ನು ಬಿಗಿಹಿಡಿದ ತಕಾರ, ಮತ್ತೊಂದರಲ್ಲಿ ಉಸಿರು ತುಂಬಿದ ತಕಾರ. ಮೂರೂ ಪದದ ಆದಿಯಲ್ಲಿ ಅಘೋಷವೇ. ಇಂಗ್ಲಿಷಿನಲ್ಲಿ ಗುಂಡುಸೂಜಿಯ ‘ಪಿನ್’ನಲ್ಲಿ ಉಸಿರು ಜೋರಾಗಿ ಹೊರಡುತ್ತದೆ, ‘ಸ್ಪಿನ್’ನಲ್ಲಿ ಹೊರಡುವುದಿಲ್ಲ. ಆದರೆ ಆ ಉಸಿರಿನ ಮೇಲೆಯೇ ನಿಂತ ಜೋಡಿ ಅಲ್ಲಿಲ್ಲ. ಹಿಂದಿಯಲ್ಲಿ ಎರಡು ಧ್ವನಿಮಾಗಳಾದದ್ದು ಇಂಗ್ಲಿಷಿನಲ್ಲಿ ಒಂದರ ಎರಡು ರೂಪ.

ಜೋಡಿ ಸಿಕ್ಕಿತೆಂದು ಕೂಡಲೇ ನಂಬಬಾರದು. ಎರಡೂ ಪದಗಳು ಒಬ್ಬರದೇ ಬಾಯಿಂದ ಬಂದಿರಬೇಕು, ಒಂದೇ ವೇಗದಲ್ಲಿ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಪರೀಕ್ಷೆ ಇದು: ಎರಡು ಪದಗಳ ಮುದ್ರಣಗಳನ್ನು ಕಲೆಸಿ, ಹಿಂದುಮುಂದಾಗಿ ಇಪ್ಪತ್ತು ಸಲ ಇನ್ನೊಬ್ಬ ಭಾಷಿಕರಿಗೆ ಕೇಳಿಸಿ, ಪ್ರತಿ ಸಲವೂ ಅರ್ಥ ಹೇಳಲು ಕೋರಿ. ಬಹುತೇಕ ಎಲ್ಲ ಸಲವೂ ಸರಿ ಹೇಳಿದರೆ ವ್ಯತ್ಯಾಸ ಭಾಷೆಯಲ್ಲಿದೆ. ಅರ್ಧ ಸರಿ, ಅರ್ಧ ತಪ್ಪಾದರೆ ಅವರು ಊಹಿಸುತ್ತಿದ್ದಾರೆ. ‘ಈ ಎರಡು ಒಂದೇ ಥರ ಇವೆಯೇ?’ ಎಂದು ನೇರವಾಗಿ ಕೇಳಬೇಡಿ. ಓದು ಬಲ್ಲವರು ಅಕ್ಷರ ನೆನೆದುಕೊಂಡು ಉತ್ತರಿಸುತ್ತಾರೆ.

ಕನಿಷ್ಠ ಜೋಡಿ ಸಿಗದ ಕಡೆ ಹತ್ತಿರದ ಜೋಡಿಯೂ ಆದೀತು. ಧ್ವನಿಯ ಅಕ್ಕಪಕ್ಕದ ಸ್ವರಗಳಾದರೂ ಒಂದೇ ಆಗಿದ್ದರೆ ಸಾಕು.

5. ಸ್ಥಾನಗಳ ಪಟ್ಟಿ ಮಾಡುವುದು

ಜೋಡಿ ಸಿಗದೇ ಹೋದ ಧ್ವನಿಗಳ ಮೇಲೆ ಈಗ ಅನುಮಾನ ಹುಟ್ಟಬೇಕು. ಇವು ಒಂದೇ ಧ್ವನಿಮಾದ ರೂಪಗಳಿರಬಹುದೇ? ಇದನ್ನು ತಿಳಿಯಲು ಪ್ರತಿ ಧ್ವನಿಯೂ ಎಲ್ಲೆಲ್ಲಿ ಬರುತ್ತದೆ ಎಂದು ಬರೆಯಬೇಕು. ಪದದ ಆದಿ, ಎರಡು ಸ್ವರಗಳ ನಡುವೆ, ದ್ವಿತ್ವದಲ್ಲಿ, ಅನುನಾಸಿಕದ ನಂತರ, ಪದದ ಕೊನೆ ಎಂದು ಐದು ಮನೆಗಳನ್ನು ಗೆರೆ ಹಾಕಿಕೊಳ್ಳಿ.

ತಮಿಳಿನ ಕಕಾರವನ್ನೇ ತುಂಬಿಸಿ ನೋಡೋಣ. ಕಲ್ಲಿಗೆ ‘ಕಲ್’, ಆದಿಯಲ್ಲಿ ಕ. ‘ಅಕ್ಕಾ’, ದ್ವಿತ್ವದಲ್ಲಿ ಕ. ಚಿನ್ನಕ್ಕೆ ‘ತಂಗಂ’, ಅನುನಾಸಿಕದ ನಂತರ ಗ. ಹಗಲಿಗೆ ‘ಪಗಲ್’, ಸ್ವರಗಳ ನಡುವೆ ಸಡಿಲವಾದ ಗ, ಕೆಲವರ ಬಾಯಲ್ಲಿ ಹಕಾರಕ್ಕೆ ಹತ್ತಿರವಾದದ್ದು. ಪಟ್ಟಿ ಬೆಳೆದಂತೆ ಒಂದು ಸಂಗತಿ ಎದ್ದು ಕಾಣುತ್ತದೆ. ಕ ಇರುವ ಮನೆಯಲ್ಲಿ ಗ ಇಲ್ಲ, ಗ ಇರುವ ಮನೆಯಲ್ಲಿ ಕ ಇಲ್ಲ. ಇಂಥ ಹಂಚಿಕೆಯನ್ನು ಪೂರಕ ಹಂಚಿಕೆ ಎನ್ನುತ್ತಾರೆ. ಬಳಿಕ ತ ಮತ್ತು ಪಗಳ ಪಟ್ಟಿ ಮಾಡಿ. ‘ತಂಬಿ’ಯಲ್ಲಿ ಬ, ‘ಅಪ್ಪಾ’ದಲ್ಲಿ ಪ. ಒಂದೇ ನಿಯಮ ಇಡೀ ಕಂಬಕ್ಕೆ ಅನ್ವಯಿಸುತ್ತಿದೆ. ಒಂದು ವ್ಯಂಜನಕ್ಕೆ ಮಾತ್ರ ಹೊಂದುವ ನಿಯಮ ಸಿಕ್ಕರೆ ಸಂಶಯಪಡಿ, ಕಂಬಕ್ಕೆ ಕಂಬವೇ ಒಟ್ಟಿಗೆ ನಡೆದರೆ ಧೈರ್ಯ ತಂದುಕೊಳ್ಳಿ.

ಕೊರಿಯನ್ನರ ಸಡಿಲ ವ್ಯಂಜನಗಳೂ ಹೀಗೆಯೇ. ಮಾಂಸಕ್ಕೆ ಅವರು ಹೇಳುವ ‘ಕೊಗಿ’ ಪದದಲ್ಲಿ ಎರಡೂ ವ್ಯಂಜನಗಳಿಗೆ ಅವರ ಲಿಪಿಯಲ್ಲಿ ಒಂದೇ ಅಕ್ಷರ. ಜಪಾನಿ ಭಾಷೆಯ ತಕಾರದ ಸಾಲು ಅ, ಇ, ಉ, ಎ, ಒ ಸ್ವರಗಳ ಮುಂದೆ ‘ತ, ಚಿ, ತ್ಸು, ತೆ, ತೊ’ ಎಂದು ಸಾಗುತ್ತದೆ. ‘ತ್ಸುನಾಮಿ’ಯ ಮೊದಲ ಧ್ವನಿ ಉಕಾರದ ಮುಂದೆ ತಕಾರ ತಾಳಿದ ರೂಪ. ಆದರೆ ಇತ್ತೀಚಿನ ಎರವಲು ಪದಗಳಲ್ಲಿ ಅವರು ಪಾರ್ಟಿ ಎನ್ನುವಾಗ ‘ತಿ’ ಎಂದೇ ಉಚ್ಚರಿಸುತ್ತಾರೆ. ಹಳೆಯ ಹಂಚಿಕೆ ಕಣ್ಣೆದುರೇ ಒಡೆಯುತ್ತಿದೆ.

ಇನ್ನು ಅನುನಾಸಿಕಗಳು. ‘ಮಂಗ’ ಎನ್ನುವಾಗ ಬರುವ ಙಕಾರ ಕನ್ನಡದಲ್ಲಿ ಕವರ್ಗದ ಮುಂದೆ ಮಾತ್ರ ಬರುತ್ತದೆ. ಅದಕ್ಕೆ ಸ್ವತಂತ್ರ ಬದುಕಿಲ್ಲ. ಅದೇ ಮಲಯಾಳಕ್ಕೆ ಬನ್ನಿ: ‘ಕಮ್ಮಿ’ ಎಂದರೆ ಕೊರತೆ, ‘ಕಣ್ಣಿ’ ಎಂದರೆ ಕೊಂಡಿ, ‘ಕಞ್ಞಿ’ ಎಂದರೆ ಗಂಜಿ, ‘ಮಾಙ್ಙ’ ಎಂದರೆ ಮಾವಿನಕಾಯಿ. ಇಲ್ಲಿ ಞ, ಙಗಳು ಯಾವ ವ್ಯಂಜನದ ಆಸರೆಯೂ ಇಲ್ಲದೆ ದ್ವಿತ್ವದಲ್ಲಿ ನಿಂತಿವೆ. ಇಷ್ಟೇ ಅಲ್ಲ. ಹಂದಿಗೆ ‘ಪನ್ನಿ’ ಎನ್ನುವಾಗ ನಾಲಿಗೆ ಹಲ್ಲಿಗೆ ತಾಗುತ್ತದೆ, ಕನ್ಯೆಗೆ ‘ಕನ್ನಿ’ ಎನ್ನುವಾಗ ಹಲ್ಲಿನ ಹಿಂದಿನ ಉಬ್ಬಿಗೆ. ಮಲಯಾಳ ಲಿಪಿಯಲ್ಲಿ ಇವೆರಡಕ್ಕೂ ಒಂದೇ ಅಕ್ಷರ, ಮಲಯಾಳಿಗಳ ಕಿವಿಗೆ ಎರಡೂ ಬೇರೆ. ಆರು ಅನುನಾಸಿಕಗಳನ್ನು ಹೀಗೆ ಬೇರೆಬೇರೆಯಾಗಿ ಇಟ್ಟುಕೊಂಡ ಭಾಷೆಗಳು ಜಗತ್ತಿನಲ್ಲಿ ವಿರಳ. ನಮ್ಮ ಪಕ್ಕದಲ್ಲೇ ಇರುವ ಈ ಸಂಪತ್ತನ್ನು ಕನ್ನಡಿಗರು ಒಮ್ಮೆಯಾದರೂ ಕಿವಿಗೊಟ್ಟು ಕೇಳಬೇಕು.

ಒಂದು ಎಚ್ಚರಿಕೆ. ಪೂರಕ ಹಂಚಿಕೆ ಇದ್ದ ಮಾತ್ರಕ್ಕೆ ಎರಡು ಧ್ವನಿಗಳು ಒಂದೇ ಧ್ವನಿಮಾ ಆಗುವುದಿಲ್ಲ. ಇಂಗ್ಲಿಷಿನಲ್ಲಿ ಹಕಾರ ಉಚ್ಚಾರಾಂಶದ (ಒಮ್ಮೆಗೆ ಉಚ್ಚರಿಸುವ ಪದದ ತುಣುಕಿನ) ಆದಿಯಲ್ಲಿ ಮಾತ್ರ, ಙಕಾರ ಕೊನೆಯಲ್ಲಿ ಮಾತ್ರ. ಅವುಗಳ ನಡುವೆ ಜೋಡಿ ಸಿಗಲು ಸಾಧ್ಯವೇ ಇಲ್ಲ. ಹಾಗೆಂದು ಎರಡೂ ಒಂದೇ ಎನ್ನುವವರಿಲ್ಲ, ಏಕೆಂದರೆ ಉಚ್ಚಾರಣೆಯಲ್ಲಿ ಅವುಗಳಿಗೆ ಸಂಬಂಧವೇ ಇಲ್ಲ. ಹಂಚಿಕೆಯ ಜೊತೆಗೆ ಧ್ವನಿಸಾಮ್ಯವೂ ಬೇಕು.

6. ಜನರಿಂದ ಜನರಿಗೆ ಬದಲಾಗುವುದನ್ನು ಬೇರೆ ಇಡುವುದು

ಕೆಲವು ಧ್ವನಿಗಳು ಒಂದೇ ಸ್ಥಾನದಲ್ಲಿ ಬರುತ್ತವೆ, ಆದರೂ ಅರ್ಥ ಬದಲಾಗುವುದಿಲ್ಲ. ಹವಾಯಿ ದ್ವೀಪಗಳಿಗೆ ಬಂದ ಮಿಷನರಿಗಳು ಅಲ್ಲಿನ ನುಡಿಗೆ ಲಿಪಿ ಮಾಡಲು ಕೂತಾಗ ಇದೇ ತೊಡಕಿಗೆ ಸಿಕ್ಕಿದರು. ಒಂದೇ ಪದದಲ್ಲಿ ಒಮ್ಮೆ ತ, ಒಮ್ಮೆ ಕ ಕೇಳುತ್ತಿತ್ತು, ಒಮ್ಮೆ ರ, ಒಮ್ಮೆ ಲ. ‘ಹೊನೊಲುಲು’ ಆಗಿನ ಬರಹಗಳಲ್ಲಿ ‘ಹೊನೊರುರು’ ಎಂದೂ ಕಾಣಿಸುತ್ತದೆ. 1826ರಲ್ಲಿ ಅವರು ಮತ ಹಾಕಿ, ಅರ್ಥ ಬದಲಾಯಿಸದ ಅಕ್ಷರಗಳನ್ನು ಕೈಬಿಟ್ಟರು. ಹವಾಯಿಯನ್ ಭಾಷೆಯಲ್ಲಿ ಎಂಟೇ ವ್ಯಂಜನಗಳು.

ನಮ್ಮ ನಡುವೆಯೂ ಹಕಾರ ಉಚ್ಚರಿಸದ ಕನ್ನಡಗಳಿವೆ. ಅಲ್ಲಿ ‘ಹಾಡು’ ಮತ್ತು ‘ಆಡು’ ಎರಡೂ ಒಂದೇ ಆಗಿ ಕೇಳುತ್ತವೆ. ಅದು ದೋಷವಲ್ಲ, ಆ ನುಡಿಯ ಧ್ವನಿಮಾ ಪಟ್ಟಿಯೇ ಬೇರೆ. ಪುಸ್ತಕದ ಕನ್ನಡವನ್ನು ಅಳತೆಗೋಲಾಗಿ ಹಿಡಿದು ಅವರ ಮಾತನ್ನು ತಿದ್ದಲು ಹೊರಟವರಿಗೆ ಈ ಕೆಲಸ ಹೇಳಿದ್ದಲ್ಲ. ಯಾರ, ಯಾವ ಊರಿನ, ಯಾವ ತಲೆಮಾರಿನ ಮಾತನ್ನು ವಿವರಿಸುತ್ತಿದ್ದೀರಿ ಎಂದು ಮೊದಲ ಪುಟದಲ್ಲೇ ಬರೆಯಿರಿ.

7. ಕೋಷ್ಟಕದ ಒಳವಿನ್ಯಾಸ ನೋಡುವುದು

ಧ್ವನಿಮಾಗಳ ಪಟ್ಟಿ ಸಿದ್ಧವಾಯಿತೆಂದರೆ ಅರ್ಧ ದಾರಿ ಬಂದಂತೆ. ಅವು ಹೇಗೆ ಜೋಡಣೆಗೊಂಡಿವೆ ಎಂಬುದು ಇನ್ನರ್ಧ.

ಸ್ವರಗಳಿಂದ ಆರಂಭಿಸಿ. ಅರಬ್ಬಿಗೆ ಅ, ಇ, ಉ ಮೂರೇ ಗುಣಗಳು, ಹ್ರಸ್ವ-ದೀರ್ಘ ಸೇರಿ ಆರು. ಬಾಯಿಯೊಳಗಿನ ಜಾಗದ ಮೂರು ಮೂಲೆಗಳನ್ನು ಅದು ಹಿಡಿದುಕೊಂಡಿದೆ. ಕನ್ನಡ ಅ, ಇ, ಉ, ಎ, ಒ ಎಂದು ಐದು ಇಟ್ಟುಕೊಂಡು ಪ್ರತಿಯೊಂದಕ್ಕೂ ದೀರ್ಘ ಕೊಟ್ಟಿದೆ. ತುರ್ಕಿ ಭಾಷೆಯ ಎಂಟು ಸ್ವರಗಳ ಅಂದ ಬೇರೆ ಬಗೆಯದು. ನಾಲಿಗೆ ಮುಂದೆಯೋ ಹಿಂದೆಯೋ, ಎತ್ತರವೋ ತಗ್ಗೋ, ತುಟಿ ದುಂಡೋ ಅಲ್ಲವೋ: ಮೂರು ಪ್ರಶ್ನೆಗಳಿಗೆ ಎರಡೆರಡು ಉತ್ತರ, ಒಟ್ಟು ಎಂಟು, ಒಂದೂ ಖಾಲಿ ಇಲ್ಲ. ಈ ವರ್ಗೀಕರಣ ಬರಿಯ ಕಾಗದದ್ದಲ್ಲ, ಅವರ ವ್ಯಾಕರಣವೇ ಅದನ್ನು ಬಳಸುತ್ತದೆ. ಮನೆಗೆ ‘ಎವ್’, ಮನೆಗಳಿಗೆ ‘ಎವ್‌ಲೆರ್’. ಕುದುರೆಗೆ ‘ಅತ್’, ಕುದುರೆಗಳಿಗೆ ‘ಅತ್‌ಲರ್’. ಪದದ ಸ್ವರ ಮುಂದಿನದಾದರೆ ಪ್ರತ್ಯಯದ ಸ್ವರವೂ ಮುಂದಿನದು.

ಕಾಕಸಸ್ ಪ್ರದೇಶದ ಉಬಿಖ್ ಭಾಷೆ ಇದಕ್ಕೆ ತೀರ ವಿರುದ್ಧ ದಿಕ್ಕಿನಲ್ಲಿತ್ತು. 80ಕ್ಕೂ ಹೆಚ್ಚು ವ್ಯಂಜನಗಳು, ಸ್ವರಗಳು ಎರಡೋ ಮೂರೋ ಮಾತ್ರ. ಅದನ್ನು ಸರಾಗವಾಗಿ ಆಡಬಲ್ಲ ಕೊನೆಯವರಾದ ತೆವ್ಫಿಕ್ ಎಸೆಂಚ್ 1992ರಲ್ಲಿ ತುರ್ಕಿಯಲ್ಲಿ ತೀರಿಕೊಂಡರು.

ಕೋಷ್ಟಕದಲ್ಲಿ ಖಾಲಿ ಮನೆ ಕಂಡರೆ ಎರಡು ಸಲ ಹುಡುಕಿ. ಇನ್ನೂ ಸಿಗದಿರುವ ಪದವಿರಬಹುದು, ಇಲ್ಲವೇ ನಿಜಕ್ಕೂ ಖಾಲಿಯಿರಬಹುದು. ಅರಬ್ಬಿಯಲ್ಲಿ ಬ ಇದೆ, ಅದರ ಜೊತೆಗಾರ ಪ ಇಲ್ಲ. ಹಾಗಾಗಿಯೇ ಅರಬ್ಬರ ಬಾಯಲ್ಲಿ ಪಾಕಿಸ್ತಾನ ‘ಬಾಕಿಸ್ತಾನ್’ ಆಗುತ್ತದೆ.

8. ಉದ್ದ ಮತ್ತು ಸ್ಥಾಯಿ

ಉದ್ದದ ವಿಷಯದಲ್ಲಿ ಕನ್ನಡಿಗರಿಗೆ ಹೆಚ್ಚು ಹೇಳಬೇಕಿಲ್ಲ. ‘ಕತೆ, ಕತ್ತೆ’ ವ್ಯಂಜನದ ಉದ್ದದಿಂದ ಬೇರೆ, ‘ಕೊಡು, ಕೋಡು’ ಸ್ವರದ ಉದ್ದದಿಂದ. ಫಿನ್ನಿಷ್ ಭಾಷೆಯಲ್ಲೂ ಎರಡೂ ಇವೆ: ‘ತುಲಿ’ ಬೆಂಕಿ, ‘ತೂಲಿ’ ಗಾಳಿ, ‘ತುಲ್ಲಿ’ ಸುಂಕ.

ನಮಗೆ ಕಷ್ಟವಾಗುವುದು ಸ್ಥಾಯಿ, ಎಂದರೆ ದನಿಯ ಏರಿಳಿತ. ಚೀನಾದ ಮ್ಯಾಂಡರಿನ್‌ನಲ್ಲಿ ‘ಮಾ’ ಎಂಬುದನ್ನು ಸಮನಾಗಿ ಎತ್ತರದಲ್ಲಿ ಹೇಳಿದರೆ ತಾಯಿ, ಏರಿಸಿದರೆ ಸೆಣಬು, ಇಳಿಸಿ ಏರಿಸಿದರೆ ಕುದುರೆ, ಥಟ್ಟನೆ ಇಳಿಸಿದರೆ ಬೈಯುವುದು. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪಂಜಾಬಿಯಲ್ಲಿ ಘ, ಝ, ಭಗಳಂಥ ಘೋಷ ಮಹಾಪ್ರಾಣಗಳು ಕಳೆದುಹೋಗಿ ಅವುಗಳ ಜಾಗದಲ್ಲಿ ಸ್ಥಾಯಿ ಹುಟ್ಟಿದೆ. ‘ಕೋಡಾ’ ಎಂದು ನಮಗೆ ಕೇಳುವ ಪದ ಸಮಸ್ಥಾಯಿಯಲ್ಲಿ ಚಾಟಿ, ತಗ್ಗಿನಲ್ಲಿ ಕುದುರೆ, ಎತ್ತರದಲ್ಲಿ ಕುಷ್ಠರೋಗಿ. ಬರೆಯುವಾಗ ಕುದುರೆಗೆ ಇಂದಿಗೂ ಘಕಾರವನ್ನೇ ಬರೆಯುತ್ತಾರೆ.

ಪರೀಕ್ಷಿಸಲು ಭಾಷಿಕರನ್ನು ಪದವನ್ನು ಗುನುಗಲು ಅಥವಾ ಸಿಳ್ಳೆಯಲ್ಲಿ ಹೇಳಲು ಕೋರಿ. ವ್ಯಂಜನಗಳು ಮಾಯವಾಗಿ ರಾಗ ಮಾತ್ರ ಉಳಿಯುತ್ತದೆ.

9. ಉಚ್ಚಾರಾಂಶದ ಕಟ್ಟುಪಾಡು

ಯಾವ ಧ್ವನಿಯ ಪಕ್ಕ ಯಾವುದು ಕೂರಬಹುದು ಎಂಬುದೂ ವ್ಯವಸ್ಥೆಯ ಭಾಗವೇ. ಣ, ಳಗಳಿಂದ ಕನ್ನಡದ ಪದ ಆರಂಭವಾಗುವುದಿಲ್ಲ. ಹೊಸಗನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲೇ ಮುಗಿಯಬೇಕು, ಅದಕ್ಕೇ ಇಂಗ್ಲಿಷಿನಿಂದ ಬಂದದ್ದು ‘ಬಸ್ಸು’, ‘ಕಾರು’ ಆಯಿತು.

ಈ ಕಟ್ಟುಪಾಡುಗಳನ್ನು ತಿಳಿಯಲು ಎರವಲು ಪದಗಳಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಎರಡನೆಯ ಹಂತದಲ್ಲಿ ಗುರುತು ಹಾಕಿಟ್ಟ ಪದಗಳನ್ನು ಈಗ ಹೊರತೆಗೆಯಿರಿ. ‘ಕ್ರಿಸ್‌ಮಸ್’ ಹವಾಯಿಗೆ ಹೋಗಿ ‘ಕಲಿಕಿಮಕ’ ಆಗಿದೆ. ಮೇಲುನೋಟಕ್ಕೆ ಗುರುತೇ ಸಿಗುವುದಿಲ್ಲ, ಆದರೆ ಒಂದೊಂದೇ ನಿಯಮ ಹಾಕಿ ನೋಡಿ. ಅಲ್ಲಿ ರಕಾರವಿಲ್ಲ, ಹತ್ತಿರದ್ದು ಲ. ಸಕಾರವಿಲ್ಲ, ಅದರ ಕೆಲಸಕ್ಕೆ ಬಂದದ್ದು ಕ. ಎರಡು ವ್ಯಂಜನಗಳು ಕೂಡುವಂತಿಲ್ಲ, ಹಾಗಾಗಿ ನಡುವೆ ಸ್ವರ. ವ್ಯಂಜನದಲ್ಲಿ ಮುಗಿಯುವಂತಿಲ್ಲ, ಕೊನೆಗೂ ಸ್ವರ. ಅದೇ ಪದ ಜಪಾನಿನಲ್ಲಿ ‘ಕುರಿಸುಮಸು’. ಸ ಮತ್ತು ರಗಳಿರುವುದರಿಂದ ಅವು ಉಳಿದವು, ಕೂಡುವ್ಯಂಜನ ಮಾತ್ರ ಬಿಡಿಬಿಡಿಯಾಯಿತು.

10. ಪದ ಪದ ಸೇರಿದಾಗ ಏನಾಗುತ್ತದೆ

ಸಂಧಿಯನ್ನು ಪರೀಕ್ಷೆಗಾಗಿ ಉರು ಹೊಡೆದವರು ಈಗ ಅದನ್ನು ಬೇರೆ ಕಣ್ಣಿನಿಂದ ನೋಡಬಹುದು. ‘ಮಳೆ’ಗೆ ‘ಕಾಲ’ ಸೇರಿದರೆ ‘ಮಳೆಗಾಲ’, ‘ಬೆಟ್ಟ’ಕ್ಕೆ ‘ತಾವರೆ’ ಸೇರಿದರೆ ‘ಬೆಟ್ಟದಾವರೆ’, ‘ಕಣ್’ಗೆ ‘ಪನಿ’ ಸೇರಿದರೆ ‘ಕಂಬನಿ’. ಆದೇಶ ಸಂಧಿಯಲ್ಲಿ ಕ, ತ, ಪಗಳು ಗ, ದ, ಬಗಳಾಗುತ್ತವೆ ಎಂದು ಮೂರು ಸಂಗತಿಗಳಾಗಿ ಕಲಿತದ್ದು ವಾಸ್ತವವಾಗಿ ಒಂದೇ ಸಂಗತಿ: ಎರಡು ಘೋಷ ಧ್ವನಿಗಳ ನಡುವೆ ಸಿಕ್ಕಿದ ಅಘೋಷ ತಾನೂ ಘೋಷವಾಗುತ್ತದೆ. ಆರಂಭದಲ್ಲಿ ಹೇಳಿದ ತಮಿಳಿನ ನಿಯಮಕ್ಕೆ ಇದು ಎಷ್ಟು ಹತ್ತಿರವಿದೆ ನೋಡಿ. ಒಂದೇ ಪ್ರವೃತ್ತಿ. ತಮಿಳಿನಲ್ಲಿ ಅದು ಒಂದು ಧ್ವನಿಮಾದೊಳಗೇ ನಡೆಯುತ್ತದೆ, ಕನ್ನಡದಲ್ಲಿ ಒಂದು ಧ್ವನಿಮಾದ ಜಾಗಕ್ಕೆ ಇನ್ನೊಂದನ್ನು ತರುತ್ತದೆ. ತಮಿಳರಿಗೆ ಅದಕ್ಕೆ ಬರವಣಿಗೆಯಲ್ಲಿ ಗುರುತು ಬೇಕಾಗಲಿಲ್ಲ, ನಮಗೆ ಬೇಕಾಯಿತು.

ಕೆಲವು ಭಾಷೆಗಳಲ್ಲಿ ಪದದ ಒಂದೇ ರೂಪವನ್ನು ನೋಡಿದರೆ ಮೋಸ ಹೋಗುತ್ತೇವೆ. ಜರ್ಮನ್‌ನಲ್ಲಿ ಗಾಲಿಗೂ ಸಲಹೆಗೂ ‘ರಾಟ್’ ಎಂಬ ಒಂದೇ ಉಚ್ಚಾರಣೆ. ಬಹುವಚನ ಕೇಳಿದಾಗ ಗಾಲಿಯಲ್ಲಿ ಡಕಾರ ಹೊರಬರುತ್ತದೆ. ಪದದ ಕೊನೆಯಲ್ಲಿ ಘೋಷಕ್ಕೆ ಆ ಭಾಷೆ ಅವಕಾಶ ಕೊಡುವುದಿಲ್ಲ ಎಂಬುದು ಆಗ ತಿಳಿಯುತ್ತದೆ. ಆದ್ದರಿಂದ ಪ್ರತಿ ನಾಮಪದಕ್ಕೂ ಬಹುವಚನ ಮತ್ತು ಒಂದೆರಡು ವಿಭಕ್ತಿ ರೂಪಗಳನ್ನು, ಪ್ರತಿ ಕ್ರಿಯಾಪದಕ್ಕೂ ಮೂರು ಪುರುಷಗಳ ರೂಪಗಳನ್ನು ಮುದ್ರಿಸಿಕೊಳ್ಳಿ.

11. ಬರೆದಿಡುವುದು

ಧ್ವನಿಮಾಗಳು ತೀರ್ಮಾನವಾದ ಮೇಲೆ ಪ್ರತಿಯೊಂದಕ್ಕೂ ಒಂದು ಅಕ್ಷರ ಸಾಕು. ಉಪಧ್ವನಿಗಳಿಗೆ ಅಕ್ಷರ ಬೇಡ, ನಿಯಮ ಬರೆದರೆ ಆಯಿತು. ಕೊರಿಯಾದ ಸೆಜೊಂಗ್ ರಾಜನ ಕಾಲದಲ್ಲಿ 1443ರಲ್ಲಿ ರಚನೆಯಾಗಿ 1446ರಲ್ಲಿ ಪ್ರಕಟವಾದ ಲಿಪಿ ಈ ಕೆಲಸಕ್ಕೆ ಇಂದಿಗೂ ಮಾದರಿ. ಕಕಾರದ ಅಕ್ಷರ ಗಂಟಲಿನತ್ತ ಏರಿದ ನಾಲಿಗೆಯ ಆಕಾರದಲ್ಲಿದೆ. ಅದಕ್ಕೆ ಒಂದು ಗೆರೆ ಸೇರಿಸಿದರೆ ಉಸಿರು ತುಂಬಿದ ಕಕಾರ, ಅದನ್ನೇ ಜೋಡಿ ಬರೆದರೆ ಬಿಗಿಹಿಡಿದ ಕಕಾರ. ಧ್ವನಿಗಳ ನಡುವಿನ ಸಂಬಂಧ ಅಕ್ಷರದ ರೂಪದಲ್ಲೇ ಕಾಣುತ್ತದೆ.

ನಮ್ಮ ನೆಲದಲ್ಲಿ ಇದಕ್ಕೆ ಕೆಲಸ ಬೇಕಾದಷ್ಟಿದೆ. ತುಳುವಿನಲ್ಲಿ ‘ಯಾನ್ ಬರ್ಪೆ’ ಎಂದರೆ ನಾನು ಬರುತ್ತೇನೆ, ‘ಆಯೆ ಬರ್ಪೆ’ ಎಂದರೆ ಅವನು ಬರುತ್ತಾನೆ. ಕನ್ನಡ ಲಿಪಿಯಲ್ಲಿ ಎರಡು ಕ್ರಿಯಾಪದಗಳೂ ಒಂದೇ. ತುಳುವರ ಬಾಯಲ್ಲಿ ಮೊದಲನೆಯದರ ಕೊನೆಯ ಸ್ವರ ಬಾಯಿ ಅಗಲಿಸಿ ಹೇಳುವ ಎಕಾರ, ಎರಡನೆಯದರದು ಸಾಮಾನ್ಯ ಎಕಾರ. ಆ ಒಂದು ವ್ಯತ್ಯಾಸದ ಮೇಲೆ ‘ನಾನು’ ಮತ್ತು ‘ಅವನು’ ನಿಂತಿದ್ದಾರೆ. ಕೊಡವ ತಕ್ಕಿನಲ್ಲೂ ಕನ್ನಡ ಲಿಪಿ ಹಿಡಿದಿಡದ ಸ್ವರಗಳಿವೆ. ಇಂಥ ನುಡಿಗಳನ್ನು ಬರೆಯುವಾಗ ಹೆಚ್ಚುವರಿ ಗುರುತು ಬೇಕೇ, ಬೇಡವೇ ಎಂಬ ತೀರ್ಮಾನ ಆಡುವವರದೇ ಆಗಬೇಕು. ನಿಮ್ಮ ಕೋಷ್ಟಕ ಅವರ ಮುಂದಿಡುವ ಆಧಾರ. ಮುದ್ರಣಗಳ ಒಂದು ಪ್ರತಿಯನ್ನು, ಮಾತನಾಡಿದವರ ಊರು, ವಯಸ್ಸು, ದಿನಾಂಕಗಳ ಟಿಪ್ಪಣಿಯೊಂದಿಗೆ, ಅವರಿಗೇ ಕೊಡಿ.

ಹೊಸ ಭಾಷೆಗೆ ಕೈಹಾಕುವ ಮೊದಲು ಮನೆಯಲ್ಲೇ ಕೂತು ಮಾಡಬಹುದಾದ ಒಂದು ಅಭ್ಯಾಸ ಕೊಡುತ್ತೇನೆ. ಹಲವರ ಕನ್ನಡದಲ್ಲಿ ‘ಬೇಡ’ ಎನ್ನುವಾಗ ಏಕಾರಕ್ಕೆ ಬಾಯಿ ಹೆಚ್ಚು ತೆರೆಯುತ್ತದೆ, ‘ಬೇಲಿ’ ಎನ್ನುವಾಗ ಅಷ್ಟು ತೆರೆಯುವುದಿಲ್ಲ. ‘ಕೋಟೆ’ ಮತ್ತು ‘ಕೋಟಿ’ಗಳ ಓಕಾರಗಳನ್ನೂ ಹೋಲಿಸಿ. ಏಕಾರ, ಓಕಾರಗಳಿರುವ ನಲವತ್ತು ಪದಗಳನ್ನು ಪಟ್ಟಿ ಮಾಡಿ, ಮನೆಯ ಹಿರಿಯರೊಬ್ಬರಿಂದ ಹೇಳಿಸಿ ಮುದ್ರಿಸಿ, ತೆರೆದ ಸ್ವರದ ಪದಗಳನ್ನು ಒಂದು ಕಡೆ, ಮುಚ್ಚಿದ ಸ್ವರದ ಪದಗಳನ್ನು ಇನ್ನೊಂದು ಕಡೆ ಬರೆಯಿರಿ. ಆಮೇಲೆ ಪ್ರತಿ ಪದದಲ್ಲೂ ಮುಂದಿನ ಅಕ್ಷರದ ಸ್ವರ ಯಾವುದು ಎಂದು ನೋಡಿ. ಎರಡು ಏಕಾರಗಳು ಎರಡು ಧ್ವನಿಮಾಗಳೋ, ಒಂದರ ಎರಡು ರೂಪಗಳೋ ಎಂಬುದನ್ನು ನಿಮ್ಮ ಪಟ್ಟಿಯೇ ಹೇಳುತ್ತದೆ.